ಬಖೂರ್ ಬರುವ ತನಕ

ಮಸ್ಕತ್ತಿನ ಅಲ್ ಖೂದಿನ ಆ ಮನೆಯ ಹೆಂಗಸರ ಮಜ್ಲಿಸ್ ಎಂಬ ಕೂಟದ ಕೋಣೆಗೆ ಅತಿಥಿಗಳು ಬರುವುದು ನಿಂತು ಬಹಳ ಕಾಲವಾಗಿತ್ತು. ಆದರೂ ಇಳಿಹೊತ್ತಿನ ಅಸರ್ ಬಾಂಗ್ ಕೇಳಿಸಿದ ಕೂಡಲೇ ಹವ್ವಮ್ಮ ಅಡುಗೆಮನೆಯಲ್ಲಿ ಇದ್ದಿಲನ್ನು ಕೆಂಡ ಮಾಡಬೇಕಿತ್ತು. ಕೆಂಡವನ್ನು ಇಕ್ಕಳದಲ್ಲಿ ಹಿಡಿದು ಮಜ್‌ಮರ್ ಎಂಬ ಮಣ್ಣಿನ ಧೂಪದ ಪಾತ್ರೆಗೆ ಹಾಕಿ, ಮೇಲೆ ಒಂದೆರಡು ಹರಳು ಲುಬಾನ್ ಇಟ್ಟು, ಹೊರಬಾಗಿಲಿನಿಂದ ಹಿಡಿದು ಮಜ್ಲಿಸ್ಸಿನ ಮೂಲೆ ಮೂಲೆಗೂ ಹೊಗೆ ತೋರಿಸಿ ಬರಬೇಕಿತ್ತು. ಆಮೇಲೆ ಖರ್ಜೂರದ ತಟ್ಟೆ, ಹಲ್ವಾದ ಬಟ್ಟಲು, ಏಲಕ್ಕಿ ಹಾಕಿದ ಕಾಫಿಯ ಫ್ಲಾಸ್ಕು. ಎಲ್ಲ ಸಿದ್ಧವಾದ ಮೇಲೆ ಮನೆಯ ಹಿರಿಯ ಯಜಮಾನಿ ಮಾಜಿದಾ ಕೋಲೂರಿಕೊಂಡು ಬಂದು ತನ್ನ ಜಾಗದಲ್ಲಿ ಕೂರುತ್ತಿದ್ದಳು. ಬಾಗಿಲ ಕಡೆ ನೋಡಿ ಕೇಳುತ್ತಿದ್ದಳು:

"ಹವ್ವಾ, ಇವತ್ತು ಯಾರೆಲ್ಲ ಬರ್ತಾರೆ?"

"ಬರ್ತಾರೆ ಮಾಮಾ, ಬರ್ತಾರೆ."

ಆ ಮನೆಯ ಕೆಲಸದವಳಿಗೆ ಯಜಮಾನಿ ಮಾಮಾ, ಯಜಮಾನ ಬಾಬಾ. ಆಮೇಲೆ ಬರುವವಳೂ ಹವ್ವಮ್ಮನೇ. ಹಿಂಬಾಗಿಲಿನಿಂದ ಹೊರಗೆ ಹೋಗಿ, ತಲೆಯ ಶಾಲು ಬದಲಾಯಿಸಿಕೊಂಡು, ಮುಂಬಾಗಿಲಿನಿಂದ ಸಲಾಂ ಹೇಳುತ್ತ ಒಳಗೆ ಬರುತ್ತಿದ್ದಳು. ಮಾಜಿದಾ ಅರಳಿದ ಮುಖದಿಂದ ಎದ್ದು ನಿಂತು, ಕೆನ್ನೆಗೆ ಕೆನ್ನೆ ತಾಗಿಸಿ, ಎಂದೋ ತೀರಿಹೋದ ನೆರೆಮನೆಯವಳೊಬ್ಬಳ ಹೆಸರು ಹಿಡಿದು ಕರೆದು ಎದುರಿಗೆ ಕೂರಿಸಿಕೊಳ್ಳುತ್ತಿದ್ದಳು.

ಹವ್ವಮ್ಮ ಫರಂಗಿಪೇಟೆಯವಳು. ಗಂಡ ನೇತ್ರಾವತಿಯಲ್ಲಿ ಮರಳಿನ ದೋಣಿಗೆ ಹೋಗುತ್ತಿದ್ದವನು, ಜ್ವರವೆಂದು ಮಲಗಿದವನು ಏಳಲಿಲ್ಲ. ಮಗಳು ಸಫೂರಾ ಆಗಿನ್ನೂ ಹಲ್ಲು ಬಿದ್ದ ಹುಡುಗಿ. ಅವಳನ್ನು ಅಣ್ಣ ಅತ್ತಿಗೆಯ ಮನೆಯಲ್ಲಿ ಬಿಟ್ಟು ಮಸ್ಕತ್ತಿನ ವಿಮಾನ ಹತ್ತಿದ ಹವ್ವಮ್ಮ ಸೇರಿದ್ದು ನೇರ ಈ ಮನೆಗೆ. ಅಣ್ಣನ ಮಗ ಶಹೀದ್ ಈಗ ಮಸ್ಕತ್ತಿನಲ್ಲೇ ವಾದಿ ಕಬೀರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ರಜೆ ಸಿಕ್ಕಿದ ಶುಕ್ರವಾರ ಬಂದು ಗೇಟಿನಲ್ಲಿ ನಿಂತು, ಮಾಮಿ ಎಂದು ಕರೆದು, ಸೋದರತ್ತೆಯ ಮುಖ ನೋಡಿ ಹೋಗುತ್ತಿದ್ದವನು ಅವನೊಬ್ಬನೇ.

ಬಂದ ಹೊಸತರಲ್ಲಿ ಮಾಜಿದಾಳ ಮನೆ ಜಾತ್ರೆಯ ಹಾಗಿತ್ತು. ಬೆಳಿಗ್ಗೆಯೊಂದು ಗುಂಪು, ಸಂಜೆಯೊಂದು ಗುಂಪು. ವಿಧವೆಯಾದರೂ ಆ ಬೀದಿಯ ಹೆಂಗಸರಿಗೆಲ್ಲ ಅವಳೇ ಯಜಮಾನಿ. ಹವ್ವಮ್ಮನಿಗೆ ಅಡುಗೆಗಿಂತ ಮೊದಲು ಕಲಿಸಿದ್ದು ಪರಿಮಳದ ಕೆಲಸ.

"ಬಾಗಿಲಲ್ಲೇ ಅವರಿಗೆ ಗೊತ್ತಾಗಬೇಕು, ಈ ಮನೆ ನಮಗಾಗಿ ಕಾಯ್ತಾ ಇತ್ತು ಅಂತ," ಎನ್ನುತ್ತಿದ್ದಳು ಮಾಜಿದಾ.

ಬರುವಾಗ ಲುಬಾನ್. ನಮ್ಮ ಕಡೆಯ ಲೋಬಾನದಂಥದ್ದೇ ಅದು; ಆದರೆ ಅಲ್ಲಿನ ಬೆಟ್ಟದ ಮರದ್ದು, ತಿಳಿ ಹಸಿರು ಹರಳು, ನಿಂಬೆಸಿಪ್ಪೆ ಸುಟ್ಟಂಥ ವಾಸನೆ. ಕಾಫಿ, ಮಾತು, ಮತ್ತೆ ಕಾಫಿ. ಏಳುವ ಹೊತ್ತಿಗೆ ಬೆಳ್ಳಿಯ ಕುಪ್ಪಿಯಿಂದ ಅಂಗೈಗೆ ಪನ್ನೀರು. ಕಟ್ಟಕಡೆಗೆ ಬಖೂರ್. ಊದಿನ ಪುಡಿ, ಗಂಧದ ಪುಡಿ, ಸಕ್ಕರೆಪಾಕ, ಕಸ್ತೂರಿಗಳನ್ನು ಮಾಜಿದಾ ತಾನೇ ಬೇಯಿಸಿ, ಡಬ್ಬಿಯಲ್ಲಿ ಮುಚ್ಚಿ ತಿಂಗಳುಗಟ್ಟಲೆ ಇಟ್ಟು ಹದಕ್ಕೆ ತಂದ ಉಂಡೆ ಅದು. ಕೆಂಡದ ಮೇಲೆ ಚೂರಿಟ್ಟು ಹವ್ವಮ್ಮ ಒಬ್ಬೊಬ್ಬರ ಮುಂದೆಯೂ ಹಿಡಿಯುತ್ತಿದ್ದಳು. ಹೆಂಗಸರು ಶಾಲಿನ ಒಳಗೆ, ಕೂದಲಿನೊಳಗೆ, ಅಂಗಿಯ ಅಂಚಿಗೆ ಹೊಗೆ ತುಂಬಿಕೊಂಡು ಏಳುತ್ತಿದ್ದರು. ಬಖೂರ್ ಬಂತೆಂದರೆ ಕೂಟ ಮುಗಿಯಿತು ಎಂದರ್ಥ. ಬರುವ ತನಕ ಏಳುವಂತಿಲ್ಲ. ಎದ್ದರೆ ಮನೆಯವರಿಗೆ ಅವಮಾನ. ಬಂದ ಮೇಲೆ ಕೂರುವಂತಿಲ್ಲ.

ಮಾಜಿದಾಳ ಮರೆವು ಮೊದಲು ಬೀಗದ ಕೈಗಳಿಂದ ಶುರುವಾಯಿತು, ಆಮೇಲೆ ಮೊಮ್ಮಕ್ಕಳ ಹೆಸರು, ಆಮೇಲೆ ಗಂಡ ತೀರಿಕೊಂಡದ್ದು. ಹೇಳಿದ್ದನ್ನೇ ಹೇಳುವ ಮುದುಕಿಯ ಎದುರು ಕೂರಲು ಬೀದಿಯ ಹೆಂಗಸರಿಗೆ ಮುಜುಗರ. ಒಬ್ಬೊಬ್ಬರೇ ಬರುವುದು ಬಿಟ್ಟರು. ಮಗ ಹಮೂದ್, ಸೊಸೆ ರಯ್ಯಾ ಇಬ್ಬರೂ ಸರಕಾರಿ ಕೆಲಸದವರು. ಅತಿಥಿಗಳಿಲ್ಲದ ಮೊದಲ ಸಂಜೆಗಳಲ್ಲಿ ಮಾಜಿದಾ ಅತ್ತು ಕೂಗಾಡಿದಳು. ಸಮಾಧಾನಕ್ಕೆಂದು ಹವ್ವಮ್ಮ ಒಂದು ದಿನ ಸುಮ್ಮನೆ ಎದುರಿಗೆ ಕೂತಳು. ಮುದುಕಿ ಶಾಂತಳಾದಳು. ಮನೆಯವರು ನೆಮ್ಮದಿಯ ಉಸಿರು ಬಿಟ್ಟರು. ಅಲ್ಲಿಂದ ಅದು ನಿತ್ಯದ ಕೆಲಸವಾಯಿತು.

ಆದರೆ ಮಾಜಿದಾ ಬಖೂರನ್ನು ತರಗೊಡುತ್ತಿರಲಿಲ್ಲ. ಮರೆವಿನ ಆ ಮಬ್ಬಿನಲ್ಲೂ ಅವಳಿಗೆ ಅದೊಂದು ನೆನಪಿತ್ತು: ಬಖೂರ್ ಬಂದರೆ ಬಂದವರು ಹೊರಟುಹೋಗುತ್ತಾರೆ. ಹವ್ವಮ್ಮ ಡಬ್ಬಿಯ ಕಡೆ ಕೈ ಚಾಚಿದರೆ ಸಾಕು, ಮುದುಕಿ ಮಣಿಕಟ್ಟು ಹಿಡಿಯುತ್ತಿದ್ದಳು. ಆ ಬೆರಳುಗಳಲ್ಲಿ ಅಷ್ಟು ಬಲ ಎಲ್ಲಿತ್ತೋ.

"ಇಷ್ಟು ಬೇಗ ಎಂತದು? ಕೂತ್ಕೋ. ಇನ್ನೊಂದು ಕಾಫಿ."

ಹಾಗಾಗಿ ಹವ್ವಮ್ಮ ಕೂರುತ್ತಿದ್ದಳು. ಬಾಯಿ ಕಹಿಯಾಗುವ ತನಕ ಕಾಫಿ. ಸಾಕೆಂದು ಕಪ್ಪನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿದರೂ ಮಾಜಿದಾ ನೋಡದವಳಂತೆ ಮತ್ತೆ ಸುರಿಯುತ್ತಿದ್ದಳು. ಒಗೆದ ಬಟ್ಟೆ ಅಂಗಳದಲ್ಲಿ ಒಣಗಿ ಕಡ್ಡಿಯಾಗುತ್ತಿತ್ತು, ಒಲೆಯ ಮೇಲಿನ ಅನ್ನ ತಳ ಹಿಡಿಯುತ್ತಿತ್ತು. ಲುಬಾನಿನ ಹೊಗೆ ಪರದೆಗಳೊಳಗೆ ಮಡುಗಟ್ಟಿ ಕಣ್ಣು ಉರಿಯುತ್ತಿತ್ತು. ಮುದುಕಿ ತೂಕಡಿಸಿ ಕೈ ಸಡಿಲವಾಗುವ ತನಕ ಅವಳು ಅತಿಥಿ.

"ನಿನ್ನನ್ನು ಯಾರು ಕಟ್ಟಿ ಹಾಕಿದ್ದು ಮಾಮಿ?" ಎಂದು ಶಹೀದ್ ಒಂದು ಶುಕ್ರವಾರ ಗೇಟಿನಲ್ಲಿ ಸಿಟ್ಟು ಮಾಡಿದ. "ಪಾಸ್‌ಪೋರ್ಟ್ ನಿನ್ನ ಪೆಟ್ಟಿಗೆಯಲ್ಲೇ ಉಂಟು. ವೀಸಾ ಕೊಟ್ಟ ಕಫೀಲ್ ಹಮೂದ್ ಒಳ್ಳೆಯವ. ರಜೆ ಕೊಡುದಿಲ್ಲ ಅಂತ ಒಂದು ಸಲವೂ ಹೇಳಲಿಲ್ಲ ಅಂತ ನೀನೇ ಹೇಳ್ತಿ."

"ಹೇಳುದಿಲ್ಲ. ಇನ್ಶಾ ಅಲ್ಲಾ ಅಂತಾನೆ."

"ಮತ್ತೆ?"

"ಅದೇ ಮಾರಾಯ. ಬಯ್ದಿದ್ರೆ ಯಾವತ್ತೋ ಹೊರಟು ಬರ್ತಿದ್ದೆ."

ರಂಜಾನ್ ಕಳೆಯಲಿ ಎಂದ ಹಮೂದ್. ಅತ್ತೆಯ ಕಣ್ಣಿನ ಆಪರೇಷನ್ ಮುಗಿಯಲಿ ಎಂದಳು ರಯ್ಯಾ. ಮಕ್ಕಳ ಪರೀಕ್ಷೆ, ಬೇಸಿಗೆ, ಮತ್ತೆ ರಂಜಾನ್. ಪ್ರತಿ ಸಲವೂ ಹವ್ವಮ್ಮ ರಜೆ ಕೇಳುವಾಗ ಅವರ ಮುಖದಲ್ಲಿ ನಿಜವಾದ ಸಂಕಟವಿತ್ತು. ಹವ್ವಮ್ಮನಿಗೆ ಹೊಸ ಬಟ್ಟೆ ಬರುತ್ತಿತ್ತು, ಹೊಸ ಮೊಬೈಲು ಬಂತು, ಅವಳ ಕೋಣೆಗೆ ಏಸಿ ಹಾಕಿಸಿದರು. ಕೃತಜ್ಞತೆಯ ಆ ಮೂಟೆಯನ್ನು ಹೊತ್ತು ಎದ್ದು ನಿಲ್ಲುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಾ ಹೋಯಿತು.

ಸಫೂರಾಳ ಮದುವೆ ಗೊತ್ತಾದಾಗ ಮಾತ್ರ ಹಮೂದ್ ತಾನಾಗಿಯೇ ಟಿಕೆಟ್ ತೆಗೆದ. ಬದಲಿಗೆ ಉಗಾಂಡಾದ ಒಬ್ಬ ಹೆಂಗಸನ್ನು ಕರೆತಂದರು. ಮಾಜಿದಾಳಿಗೆ ಅಭ್ಯಾಸವಾಗಲೆಂದು ಸಂಜೆಯ ಹೊತ್ತು ಹವ್ವಮ್ಮ ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ಅಡಗಿ ಕೂರಬೇಕೆಂದು ನಿಶ್ಚಯವಾಯಿತು. ಹೊಸಬಳು ಲುಬಾನ್ ಹಿಡಿದಳು, ಕಾಫಿ ಕೊಟ್ಟಳು, ಎದುರಿಗೆ ಕೂತಳು. ಮಾಜಿದಾ ಮೊದಲು ಕಪ್ಪು ಮುಟ್ಟಲಿಲ್ಲ. ಆಮೇಲೆ ಮಾತು ಬಿಟ್ಟಳು. ಒಂದು ಸಂಜೆ ಹೊಸಬಳು ಪಾತ್ರೆ ತೊಳೆಯಲು ಎದ್ದ ಗಳಿಗೆಯಲ್ಲಿ ಮುದುಕಿ ಉರಿಯುವ ಮಜ್‌ಮರನ್ನು ಕೈಯಲ್ಲಿ ಹಿಡಿದುಕೊಂಡು ಬೀದಿಗೆ ಹೊರಟುಹೋದಳು.

ಹುಡುಕಿಕೊಂಡು ಮೊದಲು ಓಡಿದವಳು ಹವ್ವಮ್ಮ. ಮುದುಕಿ ಸರ್ಕಲ್ಲಿನ ಹತ್ತಿರ ಬರಿಗಾಲಲ್ಲಿ ನಿಂತಿದ್ದಳು. ಹೋಗುವ ಕಾರುಗಳಿಗೆಲ್ಲ ಹೊಗೆ ಹಿಡಿದು, "ಬನ್ನಿ, ಒಳಗೆ ಬನ್ನಿ, ಮನೆ ಇಲ್ಲೇ," ಎಂದು ಕರೆಯುತ್ತಿದ್ದಳು. ಕಾರುಗಳು ಹಾರ್ನ್ ಹಾಕಿ ಸುತ್ತಿ ಹೋಗುತ್ತಿದ್ದವು. ಕೆಂಡ ಪಾದದ ಮೇಲೆ ಬಿದ್ದು ಚರ್ಮ ಸುಲಿದಿದ್ದರೂ ಅವಳಿಗೆ ಅದರ ಪರಿವೆಯಿರಲಿಲ್ಲ. ಹವ್ವಮ್ಮನನ್ನು ಕಂಡದ್ದೇ, "ನೋಡು, ನೀನಾದರೂ ಬಂದೆಯಲ್ಲ," ಎಂದು ತೋಳು ಹಿಡಿದಳು.

ಆಸ್ಪತ್ರೆಯಿಂದ ಬಂದ ಮೇಲೆ ರಯ್ಯಾ ಹವ್ವಮ್ಮನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಏನನ್ನೂ ಕೇಳಲಿಲ್ಲ. ಗೋಡೆಗೆ ಒರಗಿ ಅತ್ತಳು, ಅಷ್ಟೆ. ಹವ್ವಮ್ಮ ಅವಳನ್ನು ನೋಡುತ್ತ ಮಂಚದ ಮೇಲಿದ್ದ ಸೂಟ್‌ಕೇಸಿನಿಂದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಕಪಾಟಿನಲ್ಲಿ ಇಟ್ಟಳು. ಯಾರೂ ಹೇಳಿರಲಿಲ್ಲ. ಅದೇ ಅವಳಿಗೆ ಮುಂದೆ ಬಹಳ ದಿನ ಕೊರೆಯಿತು.

ಹೊಸಬಳನ್ನು ವಾಪಸು ಕಳಿಸಿದರು. ಸಫೂರಾಳ ಮದುವೆ ಮುಂದಕ್ಕೆ ಹೋಯಿತು. ಇನ್ನೊಂದು ಸಲ ಮುಂದಕ್ಕೆ ಹಾಕುವುದಿಲ್ಲ ಎಂದು ಗಂಡಿನ ಕಡೆಯವರು ಖಂಡಿತವಾಗಿ ಹೇಳಿಬಿಟ್ಟರು. ಹೊಸ ತಾರೀಕು ಹತ್ತಿರ ಬಂದಾಗ ಮಗಳು ಫೋನಿನಲ್ಲಿ ಅಳಲಿಲ್ಲ.

"ಉಮ್ಮಾ, ಬರ್ಲಿಕ್ಕೆ ಆಗುದಿಲ್ಲಾಂತಾದ್ರೆ ಈಗ್ಲೇ ಹೇಳಿಬಿಡು. ನನ್ನನ್ನು ಸಾಕಿದ ಮಾಮಿಯನ್ನೇ ನನ್ನ ಬದಿಯಲ್ಲಿ ಕೂರಿಸ್ತೇನೆ. ಚಿಕ್ಕಂದಿನಿಂದ ಅವ್ರೇ ಅಲ್ವಾ ಕೂತದ್ದು."

ಆ ಮಾತು ಹವ್ವಮ್ಮನನ್ನು ಎಬ್ಬಿಸಿತು. ಮರುದಿನ ಬೆಳಿಗ್ಗೆ ಹಮೂದ್ ಕಚೇರಿಗೆ ಹೊರಡುವಾಗ ಕಾರಿನ ಬಾಗಿಲು ಹಿಡಿದು ನಿಂತಳು.

"ನಾನು ಹೋಗ್ತೇನೆ ಬಾಬಾ. ಇನ್ಶಾ ಅಲ್ಲಾ ಅನ್ನಬೇಡಿ. ಹೂಂ ಅಥವಾ ಇಲ್ಲ, ಒಂದು ಹೇಳಿ."

ಹಮೂದ್ ಕಾರಿನ ಎಂಜಿನ್ ಆರಿಸಿದ. "ಹೋಗು," ಎಂದ. "ಆದ್ರೆ ಫೋನ್ ಹತ್ತಿರ ಇಟ್ಕೋ."

ಹೊರಡುವ ದಿನ ಮಧ್ಯಾಹ್ನವೇ ಶಹೀದ್ ಗ್ಯಾರೇಜಿನ ಪಿಕಪ್ ತಂದು ನಿಲ್ಲಿಸಿದ. ಮಾಜಿದಾ ಮಲಗಿದ್ದಳು. ಹವ್ವಮ್ಮ ಅವಳ ಪಾದದ ಗಾಯದ ಕಲೆಗೆ ಎಣ್ಣೆ ಸವರಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಕಳ್ಳಿಯಂತೆ ಹೊರಗೆ ಬಂದಳು. ದಾರಿಯುದ್ದಕ್ಕೂ ಶಹೀದ್ ಮದುವೆಯ ಬಿರಿಯಾನಿಯ ಮಾತಾಡಿದ. ಅವಳ ಕಿವಿಗೆ ಒಂದೂ ಬೀಳಲಿಲ್ಲ. ಗಡಿಯಾರ ನೋಡುತ್ತಿದ್ದಳು, ಬಾಂಗಿನ ಹೊತ್ತಾಯಿತೇ ಎಂದು.

ಮೊದಲ ಸಂಜೆಗಳು ಹೇಗೋ ಕಳೆದವು. ರಯ್ಯಾ ರಜೆ ಹಾಕಿ ತಾನೇ ಅತ್ತೆಯ ಎದುರು ಕೂತಿದ್ದಳು. ಮದುವೆಯ ದಿನ ಮಾತ್ರ ಆಗಲಿಲ್ಲ.

ಫರಂಗಿಪೇಟೆಯ ಮದುವೆ ಹಾಲ್‌ನಲ್ಲಿ ಅಸರ್ ನಮಾಜಿನ ಮೇಲೆ ನಿಖಾಹ್. ಗಂಡಸರ ಕಡೆ ನಿಖಾಹ್ ಮುಗಿದು ಮದುಮಗ ಹೆಂಗಸರ ಕಡೆಗೆ ಬಂದು ಹೆಣ್ಣಿನ ಕೊರಳಿಗೆ ವಧುಧನವಾದ ಮಹರಿನ ಸರ ಹಾಕುವುದಿತ್ತು. ಸಫೂರಾ ಕೆಂಪು ಬಟ್ಟೆಯಲ್ಲಿ, ಮೊಣಕೈವರೆಗೆ ಮೆಹಂದಿಯಲ್ಲಿ, ವೇದಿಕೆಯ ಸೋಫಾದ ಮೇಲೆ ಕೂತಿದ್ದಳು. ಬಲಗಡೆಯ ಜಾಗ ಉಮ್ಮನಿಗೆ. ಆಗ ಹವ್ವಮ್ಮನ ಫೋನು ಒಂದೇ ಸಮನೆ ಅದುರತೊಡಗಿತು.

"ಹವ್ವಾ, ಹಬೀಬ್ತಿ, ಒಂದೇ ಒಂದು ನಿಮಿಷ," ಎಂದಳು ರಯ್ಯಾ. ಅವಳ ಹಿಂದೆ ಮಾಜಿದಾಳ ಕೂಗು ಕೇಳಿಸುತ್ತಿತ್ತು. "ಗೇಟಿಗೆ ಬೀಗ ಹಾಕಿದ್ದೇನೆ. ತಲೆಯನ್ನು ಗೇಟಿಗೆ ಹೊಡೆದುಕೊಳ್ತಾ ಇದ್ದಾಳೆ. ನಿನ್ನ ಮುಖ ಒಂದು ಸಲ ತೋರಿಸು."

ಹವ್ವಮ್ಮ ವೇದಿಕೆಯಿಂದ ಇಳಿದು ಹಿಂದಿನ ಕೋಣೆಗೆ ಹೋದಳು. ಉಡುಗೊರೆಯ ಪೊಟ್ಟಣಗಳ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿಯಿತ್ತು. ಕೂತು, ತಲೆಯ ಶಾಲು ಸರಿಮಾಡಿ, ಫೋನನ್ನು ಮುಖದೆದುರು ಹಿಡಿದಳು. ಯಾರೋ ಕುಡಿದಿಟ್ಟ ಸುಲೈಮಾನಿ ಚಾದ ಖಾಲಿ ಗ್ಲಾಸು ಕೈಗೆ ಸಿಕ್ಕಿತು.

"ಅಸ್ಸಲಾಮು ಅಲೈಕುಮ್, ಮಾಜಿದಾ. ಬಾಗಿಲು ತೆಗಿ, ಬಂದಿದ್ದೇನೆ."

ಕೂಗು ನಿಂತಿತು. ತೆರೆಯ ಮೇಲೆ ಒದ್ದೆಯಾದ, ಕೆದರಿದ ಮುಖ ಬಂತು. ನಿಧಾನವಾಗಿ ಅದರ ಮೇಲೆ ಹಳೆಯ ಯಜಮಾನಿಕೆ ಮೂಡಿತು. "ಇಷ್ಟು ತಡ ಯಾಕೆ? ಕೂತ್ಕೋ, ಕೂತ್ಕೋ."

ರಯ್ಯಾ ಫೋನು ಹಿಡಿದುಕೊಂಡೇ ಮುದುಕಿಯನ್ನು ಮಜ್ಲಿಸ್ಸಿಗೆ ಕರೆತಂದು ಕೂರಿಸಿದಳು. ಖಾಲಿ ಗ್ಲಾಸಿನಿಂದ ಹವ್ವಮ್ಮ ಕಾಫಿ ಕುಡಿದಳು. ಹಲ್ವಾ ಚೆನ್ನಾಗಿದೆ ಎಂದಳು. ಮಕ್ಕಳ ಯೋಗಕ್ಷೇಮ ಕೇಳಿದಳು, ತನ್ನದನ್ನು ಹೇಳಿದಳು. ಹಾಲ್‌ನಲ್ಲಿ ಮೈಕು ಕಿರುಗುಟ್ಟಿತು, ಯಾರೋ ದುವಾ ಮಾಡಿದರು, ಹೆಂಗಸರ ಹಾಡು ಎದ್ದಿತು, ಮದುಮಗ ಬಂದನೆಂಬ ಗದ್ದಲವಾಯಿತು. ಹವ್ವಮ್ಮ ಗ್ಲಾಸು ಅಲ್ಲಾಡಿಸಿದಳು. ಮಾಜಿದಾ ಇನ್ನೊಂದು ಸುರಿದಳು. ಗೋಡೆಯ ಆಚೆ ಮಗಳ ಕೊರಳಿಗೆ ಸರ ಬೀಳುವಾಗ ತಾಯಿ ಈಚೆ ಕೂತು, ಮಾಜಿದಾ ಹಿಂದೆ ಸಾಕಿದ್ದ, ಎಂದೋ ಸತ್ತ ಆಡನ್ನು ಮಾರುವಾಗ ಬೆಲೆ ಇಳಿಸುವುದು ಸರಿಯೋ ಅಲ್ಲವೋ ಎಂದು ಚರ್ಚೆ ಮಾಡುತ್ತಿದ್ದಳು. ಫೋನನ್ನು ಕಟ್ ಮಾಡಲು ಬೆರಳು ಹೋಗುತ್ತಿತ್ತು, ಗೇಟಿನ ಕಬ್ಬಿಣ ನೆನಪಾಗಿ ಹಿಂದೆ ಬರುತ್ತಿತ್ತು.

ಬಾಗಿಲು ತೆರೆದುಕೊಂಡಿತು. ಸಫೂರಾ ನಿಂತಿದ್ದಳು, ಕೊರಳಲ್ಲಿ ಹೊಸ ಸರ.

"ಎಲ್ಲರೂ ಉಮ್ಮ ಎಲ್ಲಿ, ಉಮ್ಮ ಎಲ್ಲಿ ಅಂತ ಕೇಳ್ತಿದ್ದಾರೆ. ನೀನಿಲ್ಲಿ..." ತಾಯಿಯ ಕೈಯ ಖಾಲಿ ಗ್ಲಾಸನ್ನು ನೋಡಿದಳು, ಫೋನನ್ನು ನೋಡಿದಳು. "ಇವತ್ತು ಕೂಡ?"

ಹವ್ವಮ್ಮ ಬಾಯಿ ತೆರೆಯುವ ಮೊದಲೇ ಸಫೂರಾ ಫೋನು ಕಿತ್ತುಕೊಂಡಳು. ಏನೋ ಹೇಳಬೇಕೆಂದೇ ಕಿತ್ತುಕೊಂಡದ್ದು. ಆದರೆ ತೆರೆಯಲ್ಲಿದ್ದ ಮುದುಕಿ ಅವಳನ್ನು ಕಂಡು ಎರಡೂ ಕೈ ಎತ್ತಿದಳು.

"ಅರೂಸ್! ಮದುಮಗಳು! ರಯ್ಯಾ, ಇದು ಯಾರ ಮನೆಯ ಮದುಮಗಳು? ಇವಳಿಗೆ ಯಾರೂ ಬಖೂರ್ ಕೊಡಲಿಲ್ವಾ? ತಾ, ಬೇಗ ತಾ!"

ವರ್ಷಗಳಿಂದ ತಾನೇ ಮುಚ್ಚಿಟ್ಟುಕೊಂಡಿದ್ದ ಡಬ್ಬಿಯನ್ನು ಮಾಜಿದಾ ತಾನೇ ತೆರೆದು, ಬೆರಳಿನಿಂದ ಚೂರು ಮುರಿದು ಕೆಂಡಕ್ಕಿಟ್ಟಳು. ಮಜ್‌ಮರನ್ನು ಎರಡು ಕೈಯಲ್ಲಿ ಎತ್ತಿ ಫೋನಿನ ಮುಂದೆ ಹಿಡಿದಳು. ತೆರೆಯ ತುಂಬ ಬಿಳಿ ಹೊಗೆ. ಅರಬಿಯಲ್ಲಿ ಏನು ಹೇಳುತ್ತಿದ್ದಾಳೆಂದು ಸಫೂರಾಳಿಗೆ ತಿಳಿಯಲಿಲ್ಲ.

"ಎಂತ ಮಾಡ್ಬೇಕು ಉಮ್ಮಾ?"

"ನಿನ್ನ ಶಾಲಿನ ಅಂಚು ಹಿಡಿ. ಹೊಗೆ ತಾಗಬೇಕು."

ಸಫೂರಾ ಜರಿಯ ಅಂಚನ್ನು ಹಿಡಿದು ಫೋನಿನ ಹತ್ತಿರ ತಂದಳು. ಆಚೆಯಿಂದ ಮಾಜಿದಾ ಹರಸಿದಳು. ಹವ್ವಮ್ಮನಿಗೂ ಹಿಡಿದಳು. ಆಮೇಲೆ ಎಲ್ಲ ಅತಿಥಿಗಳನ್ನೂ ಕಳಿಸಿಕೊಟ್ಟವಳ ಸುಸ್ತಿನಿಂದ ದಿಂಬಿಗೆ ಒರಗಿದಳು. ರಯ್ಯಾ ಫೋನಿಟ್ಟಳು.

ಕೋಣೆಯಲ್ಲಿ ಬಿರಿಯಾನಿಯ, ಮಲ್ಲಿಗೆಯ ವಾಸನೆ ಮಾತ್ರ ಇತ್ತು.

"ನಿನ್ನನ್ನು ಅವರು ಹಿಡ್ಕೊಂಡದ್ದಾ, ನೀನೇ ಬಿಡದೆ ಕೂತದ್ದಾ?" ಎಂದು ಕೇಳಿದಳು ಸಫೂರಾ. ಬೈಗುಳದಂತೆ ಇರಲಿಲ್ಲ ಅದು. ನಿಜವಾಗಿಯೂ ತಿಳಿಯಬೇಕಿತ್ತು ಅವಳಿಗೆ.

ಮಗಳ ಕೊರಳಿನ ಸರದ ಕೊಂಡಿ ಪಕ್ಕಕ್ಕೆ ಜಾರಿತ್ತು. ಹವ್ವಮ್ಮ ಅದನ್ನು ಹಿಂದಕ್ಕೆ ಸರಿಸಿದಳು.

ರಜೆ ಮುಗಿದದ್ದೇ ಹವ್ವಮ್ಮ ಮಸ್ಕತ್ತಿಗೆ ವಾಪಸು ಹೋದಳು. ಹೋಗಲೇಬೇಕೆಂದು ಯಾರೂ ಒತ್ತಾಯ ಮಾಡಿರಲಿಲ್ಲ, ಈ ಸಲವೂ. ಮಾಜಿದಾ ಆಗ ಹಾಸಿಗೆ ಹಿಡಿದಿದ್ದಳು. ಮಜ್ಲಿಸ್ಸಿನ ಕೂಟ ಮಂಚದ ಬದಿಗೆ ಬಂತು. ಮಾತು ಕಡಿಮೆಯಾಯಿತು, ಹಿಡಿತ ಕಡಿಮೆಯಾಗಲಿಲ್ಲ. ಚಳಿಗಾಲದ ಒಂದು ಬೆಳಿಗ್ಗೆ ಹವ್ವಮ್ಮ ಗಂಜಿ ಕಲಸಿಕೊಂಡು ಬರುವಷ್ಟರಲ್ಲಿ ಮುದುಕಿ ಹೊರಟುಹೋಗಿದ್ದಳು.

ಆಗ ಅತಿಥಿಗಳು ಬಂದರು. ಅಲ್ ಖೂದಿನ ಆ ಬೀದಿ, ನಿಜ್ವಾ ಊರಿನ ನೆಂಟರು, ಹೆಸರು ಮಾತ್ರ ಕೇಳಿದ್ದ ಹೆಂಗಸರು, ಎಲ್ಲರೂ. ಮಜ್ಲಿಸ್ಸಿನಲ್ಲಿ ಕೂರಲು ಜಾಗವಿಲ್ಲದೆ ಅಂಗಳದಲ್ಲಿ ಚಾಪೆ ಹಾಸಬೇಕಾಯಿತು. ಶೋಕದ ದಿನಗಳಲ್ಲಿ ಆ ಮನೆಯ ಹೆಂಗಸರು ಪರಿಮಳ ಮುಟ್ಟುವಂತಿಲ್ಲ. ಲುಬಾನ್ ಇಲ್ಲ, ಪನ್ನೀರಿಲ್ಲ, ಬಖೂರ್ ಇಲ್ಲ. ಹವ್ವಮ್ಮ ಬರೀ ಕಾಫಿ ಹಿಡಿದು ಓಡಾಡಿದಳು. ಬಂದವರು ಬಂದು, ಅತ್ತು, ಬೇಕೆನಿಸಿದಾಗ ಎದ್ದು ಹೋಗುತ್ತಿದ್ದರು. ಅದನ್ನು ನೋಡಿ ಅವಳಿಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಆಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತಳು, ಮಾಜಿದಾಳಿಗಾಗಿ.

ಎಲ್ಲ ಮುಗಿದ ಮೇಲೆ ರಯ್ಯಾ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ಹವ್ವಾ, ನೀನಿನ್ನು ಸ್ವತಂತ್ರಳು. ಆದ್ರೆ ಒಂದು ಮಾತು. ನಿಜ್ವಾದಲ್ಲಿ ನನ್ನ ತಾಯಿಗೂ ಈಚೆಗೆ ಹೆಸರುಗಳು ಮರೀತಾ ಇವೆ. ನಿನ್ನಷ್ಟು ತಾಳ್ಮೆ ಬೇರೆ ಯಾರಿಗೂ..."

ಆ ಕೈ ಬೆಚ್ಚಗಿತ್ತು. ಹವ್ವಮ್ಮನ ನಾಲಿಗೆಯ ತುದಿಗೆ 'ಇನ್ಶಾ ಅಲ್ಲಾ' ತಾನಾಗಿ ಬಂದು ಕೂತಿತ್ತು. ಅದನ್ನು ನುಂಗಿಕೊಂಡಳು.

"ಇಲ್ಲ ರಯ್ಯಾ," ಎಂದಳು. "ನನ್ನಿಂದ ಆಗುದಿಲ್ಲ. ಖಲಾಸ್."

ರಯ್ಯಾ ಬೇಸರಪಟ್ಟಳು, ಆದರೆ ಕೈ ಬಿಟ್ಟಳು.

ಹವ್ವಮ್ಮ ಈಗ ಮಗಳ ಜೊತೆ ಇದ್ದಾಳೆ. ಸಫೂರಾಳಿಗೆ ಏಳನೇ ತಿಂಗಳು. ಅಳಿಯನ ಮನೆಗೆ ನೆಂಟರು ಬಂದಾಗ ಹವ್ವಮ್ಮ ಚಾ ಮಾಡಿ ಕೊಟ್ಟು, ಬಾಗಿಲಿಗೆ ತಾಗಿದ ಕುರ್ಚಿಯ ತುದಿಯಲ್ಲಿ ಕೂರುತ್ತಾಳೆ. ಒಂದು ಕಾಲು ಹೊಸ್ತಿಲ ಕಡೆಗೇ ಇರುತ್ತದೆ. ಅಸರ್ ಬಾಂಗ್ ಕೇಳಿದರೆ ಮೈ ತಾನಾಗಿ ಅಡುಗೆಮನೆಯ ಕಡೆ ತಿರುಗುತ್ತದೆ. ರಯ್ಯಾಳ ಫೋನು ಆಗಾಗ ಬರುತ್ತದೆ. ಕೆಲವು ಸಲ ಎತ್ತುತ್ತಾಳೆ, ಕೆಲವು ಸಲ ಅದು ಅದುರಿ ಅದುರಿ ನಿಲ್ಲುವ ತನಕ ನೋಡುತ್ತಾ ಕೂರುತ್ತಾಳೆ.

"ಒಳಗೆ ಬಂದು ಸರಿಯಾಗಿ ಕೂತ್ಕೊಳ್ಳು ಉಮ್ಮಾ," ಎನ್ನುತ್ತಾಳೆ ಸಫೂರಾ. "ಇಲ್ಲಿ ನಿನ್ನನ್ನು ಹಿಡ್ಕೊಳ್ಳುವವರು ಯಾರೂ ಇಲ್ಲ."

"ಇಲ್ಲೇ ಗಾಳಿ ಉಂಟು," ಎನ್ನುತ್ತಾಳೆ ಹವ್ವಮ್ಮ.